ಪಿತ್ತ ನೆತ್ತಿಗೇರಿತಾ? ಮಾನಸಿಕ ಕಾಯಿಲೆ ಇರುವವರ ಲಿವರ್ ರಿಪೋರ್ಟ್ ಓದುವುದು ಹೇಗೆ

ನಮ್ಮ ಕೋಲಾರದ ಕಡೆ ಯಾರಾದರೂ ಸುಮ್‌ಸುಮ್ನೆ ರೇಗಿದರೆ, ಒಬ್ಬರೇ ಬಡಬಡಿಸಿದರೆ, ಪಿತ್ತ ನೆತ್ತಿಗೇರಿದೆ ಅನ್ನುತ್ತಾರೆ. ನನ್ನ ತಮ್ಮನಿಗೆ ಮೊದಲ ಸಲ ಕಾಯಿಲೆ ಬಂದಾಗ ಅಮ್ಮ ಹೇಳಿದ್ದೂ ಅದನ್ನೇ. ಪಕ್ಕದ ಮನೆಯವರು ತನ್ನ ಬಗ್ಗೆಯೇ ಪಿಸುಗುಟ್ಟುತ್ತಿದ್ದಾರೆ, ಟೀವಿಯಲ್ಲಿ ತನ್ನ ಹೆಸರು ಬರುತ್ತಿದೆ ಅಂತ ಅವನು ರಾತ್ರಿಯೆಲ್ಲ ಎದ್ದು ಕೂರುತ್ತಿದ್ದ. ಅಮ್ಮ ತಲೆಗೆ ನಿಂಬೆಹಣ್ಣು ತಿಕ್ಕಿದರು, ಹರಳೆಣ್ಣೆ ಹಚ್ಚಿದರು. ಆಮೇಲೆ ಸ್ಕಿಜೋಫ್ರೇನಿಯಾ ಅಂತ ಗೊತ್ತಾಯಿತು, ಮಾತ್ರೆ ಶುರುವಾಯಿತು, ಅವನು ನೆಮ್ಮದಿಯಾಗಿ ನಿದ್ದೆ ಮಾಡಿದ.

ಎರಡು ವರ್ಷ ಬಿಟ್ಟು ಒಂದು ರಕ್ತದ ರಿಪೋರ್ಟ್ ಬಂತು. ಎಸ್‌ಜಿಓಟಿ 118, ಎಸ್‌ಜಿಪಿಟಿ 72, ಎರಡೂ ದಪ್ಪ ಅಕ್ಷರದಲ್ಲಿ. ರಿಪೋರ್ಟ್ ಕೊಟ್ಟ ಹುಡುಗ "ಲಿವರ್ ಸ್ವಲ್ಪ ಹೋಗಿದೆ ಅಣ್ಣ" ಅಂದ. ಅಮ್ಮ "ನಾನು ಅವತ್ತೇ ಹೇಳಲಿಲ್ವಾ, ಅವನಿಗೆ ಪಿತ್ತ ಕಣಪ್ಪಾ, ಆ ಮಾತ್ರೆ ಬೇರೆ ಲಿವರ್ ತಿಂತಾ ಇದೆ" ಅಂದರು. ನಾವು ಮಾತ್ರೆ ನಿಲ್ಲಿಸಿದೆವು. ಯಾರನ್ನೂ ಕೇಳಲಿಲ್ಲ. ಎರಡು ತಿಂಗಳೊಳಗೆ ಟೀವಿ ಮತ್ತೆ ಅವನ ಹೆಸರು ಕರೆಯೋಕೆ ಶುರು ಮಾಡಿತು.

ಆ ತಪ್ಪು ಇನ್ನೊಂದು ಮನೆಯಲ್ಲಿ ಆಗದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಆದರೆ ಏಳು ವರ್ಷದಿಂದ ಈ ರಿಪೋರ್ಟ್‌ಗಳನ್ನು ಹಿಡಿದುಕೊಂಡು ಓಪಿಡಿ ಸಾಲಿನಲ್ಲಿ ನಿಂತಿದ್ದೇನೆ, ಕಂಡ ಡಾಕ್ಟರ್‌ಗಳನ್ನೆಲ್ಲ ಪ್ರಶ್ನೆ ಕೇಳಿ ತಲೆ ತಿಂದಿದ್ದೇನೆ.

ಮೊದಲು, ಆ ಹಾಳೆಯಲ್ಲಿ ಏನಿರುತ್ತದೆ

ಎಲ್‌ಎಫ್‌ಟಿ ಅಂದರೆ ಲಿವರ್ ಕೆಲಸದ ಪರೀಕ್ಷೆ ಅಂತ ಹೆಸರು. ಆದರೆ ಅದರಲ್ಲಿರುವ ಅರ್ಧ ಅಂಕಿಗಳು ಕೆಲಸ ಅಳೆಯುವುದಿಲ್ಲ, ಗಾಯ ಅಳೆಯುತ್ತವೆ. ಎಸ್‌ಜಿಪಿಟಿ, ಎಸ್‌ಜಿಓಟಿ ಎರಡೂ ಜೀವಕೋಶದ ಒಳಗಿರುವ ಕಿಣ್ವಗಳು. ಜೀವಕೋಶಕ್ಕೆ ಏಟು ಬಿದ್ದರೆ ರಕ್ತಕ್ಕೆ ಸೋರುತ್ತವೆ. ಎಷ್ಟೋ ಲ್ಯಾಬ್‌ಗಳು 40ರ ಆಸುಪಾಸನ್ನು ಮೇಲಿನ ಮಿತಿ ಅಂತ ಇಟ್ಟುಕೊಂಡಿರುತ್ತವೆ. ಆಲ್ಕಲೈನ್ ಫಾಸ್ಫಟೇಸ್ ಮತ್ತು ಜಿಜಿಟಿ ಪಿತ್ತನಾಳದ ಕಡೆಯ ಕಥೆ ಹೇಳುತ್ತವೆ. ಬಿಲಿರುಬಿನ್ ಅಂದರೆ ಹಳೆಯ ಕೆಂಪು ರಕ್ತಕಣ ಒಡೆದಾಗ ಹುಟ್ಟುವ ಹಳದಿ ಬಣ್ಣ, ಲಿವರ್ ಅದನ್ನು ಪಿತ್ತಕ್ಕೆ ಸೇರಿಸಿ ಹೊರಗೆ ಹಾಕುತ್ತದೆ. ಒಟ್ಟು ಬಿಲಿರುಬಿನ್ ಸಾಮಾನ್ಯವಾಗಿ 1.2ರ ಒಳಗಿರಬೇಕು. ಲಿವರ್ ನಿಜವಾಗಿ ಕೆಲಸ ಮಾಡುತ್ತಿದೆಯಾ ಅಂತ ತಿಳಿಯಲು ಆಲ್ಬುಮಿನ್ ನೋಡಬೇಕು, ಅದು 3.5ರ ಮೇಲಿರಬೇಕು, ಜೊತೆಗೆ ರಕ್ತ ಹೆಪ್ಪುಗಟ್ಟುವ ಸಮಯದ ಪರೀಕ್ಷೆ, ಅಂದರೆ ಪಿಟಿ ಐಎನ್‌ಆರ್. ಅದನ್ನು ಬೇರೆಯಾಗಿ ಬರೆದು ಕೊಡುತ್ತಾರೆ.

ಅಂಕಿ ನೋಡಿ ಗಾಬರಿಯಾಗುವ ಮುಂಚೆ ಒಂದು ಭಾಗಾಕಾರ ಮಾಡಿ. ನಿಮ್ಮ ಅಂಕಿಯನ್ನು ಆ ಲ್ಯಾಬಿನ ಮೇಲಿನ ಮಿತಿಯಿಂದ ಭಾಗಿಸಿ. 72 ಅನ್ನು 40ರಿಂದ ಭಾಗಿಸಿದರೆ 1.8. ಎರಡು ಪಟ್ಟೂ ಇಲ್ಲ. ಡಾಕ್ಟರ್‌ಗಳು ಯೋಚಿಸುವುದು ಹೀಗೆ, ಎಷ್ಟು ಪಟ್ಟು ಅಂತ. ಮೂರು ಪಟ್ಟು ದಾಟಿ, ಅದರ ಜೊತೆ ಬಿಲಿರುಬಿನ್ ಕೂಡ ಎರಡು ಪಟ್ಟು ದಾಟಿದರೆ ಅದು ಗಂಭೀರ. ಬರೀ ಕಿಣ್ವ ಒಂದೂವರೆ, ಎರಡು ಪಟ್ಟು ಇದ್ದು ಮನುಷ್ಯ ಮುದ್ದೆ ಉಂಡು ಓಡಾಡಿಕೊಂಡಿದ್ದರೆ, ಅವತ್ತೇ ರಾತ್ರಿ ಮಾತ್ರೆ ಡಬ್ಬಿ ಎಸೆಯುವಂಥದ್ದೇನೂ ಆಗಿಲ್ಲ.

ನನ್ನ ತಮ್ಮನ 118ರ ಕಥೆ

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ನಾವು ಮೋಸ ಹೋದದ್ದು ಇಲ್ಲೇ. ಎಸ್‌ಜಿಓಟಿ ಲಿವರ್‌ನಲ್ಲಿ ಮಾತ್ರ ಇರುವುದಿಲ್ಲ, ಸ್ನಾಯುವಿನಲ್ಲೂ ಜಾಸ್ತಿ ಇರುತ್ತದೆ. ತಮ್ಮ ಆಗ ಎಪಿಎಂಸಿಯ ಟೊಮೆಟೊ ಮಂಡಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದ. ಬಾಕ್ಸ್ ಒಂದಕ್ಕೆ 15 ಕಿಲೋ, ಸೀಸನ್‌ನಲ್ಲಿ ಬೆಳಗಿನ ಜಾವದಿಂದ ಲಾರಿಗೆ ಹೊರುವುದೇ ಕೆಲಸ. ರಕ್ತ ಕೊಟ್ಟದ್ದು ಅಂಥ ಎರಡು ದಿನದ ಮಾರನೇ ದಿನ. ಆಮೇಲೆ ಒಬ್ಬ ಡಾಕ್ಟರಮ್ಮ ರಿಪೋರ್ಟ್ ನೋಡಿ ಕೇಳಿದ ಮೊದಲ ಪ್ರಶ್ನೆ, "ಏನು ಕೆಲಸ ಮಾಡ್ತಾರೆ?" ಸಿಪಿಕೆ ಅನ್ನುವ ಸ್ನಾಯುವಿನ ಪರೀಕ್ಷೆ ಮಾಡಿಸಿದರು, ಅದು ಮೇಲಿತ್ತು. ಒಂದು ವಾರ ಭಾರ ಹೊರಿಸಬೇಡಿ, ಮತ್ತೆ ಮಾಡಿಸಿ ಅಂದರು. ಎಸ್‌ಜಿಓಟಿ 46ಕ್ಕೆ ಇಳಿಯಿತು. ಎಸ್‌ಜಿಪಿಟಿ ಮಾತ್ರ 64ರಲ್ಲೇ ನಿಂತಿತು. ಅಂದರೆ ಒಂದೇ ಹಾಳೆಯಲ್ಲಿ ಎರಡು ಕಥೆ ಇದ್ದವು, ಒಂದು ಮಂಡಿಯದು, ಇನ್ನೊಂದು ಲಿವರ್‌ನ ಕೊಬ್ಬಿನದು. ಕೊಬ್ಬಿನದಕ್ಕೆ ಆಮೇಲೆ ಬರುತ್ತೇನೆ.

ಹಾಗಾಗಿ ಪರೀಕ್ಷೆಗೆ ಮುಂಚೆ ಒಂದು ವಾರ ಮೈಮುರಿಯುವ ಕೆಲಸ ಬೇಡ. ಸೊಂಟಕ್ಕೆ ಇಂಜೆಕ್ಷನ್ ಕೊಟ್ಟ ಮೇಲೂ ಸ್ನಾಯುವಿನ ಕಿಣ್ವ ಏರುತ್ತದೆ. ಕಾಯಿಲೆ ಜೋರಾಗಿದ್ದಾಗ ಹಿಡಿದು, ಕಟ್ಟಿ, ಇಂಜೆಕ್ಷನ್ ಹಾಕಿಸಿ ಆಸ್ಪತ್ರೆಗೆ ಸೇರಿಸಿದ ದಿನದ ರಿಪೋರ್ಟ್ ಇದೆಯಲ್ಲ, ಅದನ್ನು ನಂಬುವಾಗ ಇದು ನೆನಪಿರಲಿ. ಒಂದು ಎಚ್ಚರಿಕೆ ಮಾತ್ರ ಇಲ್ಲೇ ಹೇಳಿಬಿಡುತ್ತೇನೆ. ಮಾನಸಿಕ ಕಾಯಿಲೆಯ ಮಾತ್ರೆ ತಗೊಳ್ಳುವವರಿಗೆ ಜೋರು ಜ್ವರ ಬಂದು, ಮೈ ಮರದ ಹಾಗೆ ಬಿಗಿದು, ಮಾತು ತೊದಲಿದರೆ, ಅದು ಆ ಔಷಧಿಯಿಂದಲೇ ಅಪರೂಪಕ್ಕೆ ಆಗುವ ದೊಡ್ಡ ತೊಂದರೆ ಇರಬಹುದು. ಅಲ್ಲಿ ರಿಪೋರ್ಟ್ ಓದುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ.

ಹಾಗಾದರೆ ಪಿತ್ತಕ್ಕೂ ತಲೆಗೂ ಸಂಬಂಧವೇ ಇಲ್ವಾ?

ಇದೆ, ಆದರೆ ಅಮ್ಮ ಅಂದುಕೊಂಡ ದಾರಿಯಲ್ಲಿ ಅಲ್ಲ. ಸ್ಕಿಜೋಫ್ರೇನಿಯಾ ಇರುವವರಲ್ಲಿ ಬಿಲಿರುಬಿನ್ ಹೇಗಿರುತ್ತದೆ ಅಂತ ಸಂಶೋಧಕರು ನೋಡಿದ್ದಾರೆ. ಜಪಾನಿನ ಕೆಲವು ಅಧ್ಯಯನಗಳಲ್ಲಿ ಅದು ಜಾಸ್ತಿ ಕಂಡಿತು, ಬೇರೆ ಕಡೆಯ ಕೆಲವು ಅಧ್ಯಯನಗಳಲ್ಲಿ ಕಡಿಮೆ ಕಂಡಿತು. ಬಿಲಿರುಬಿನ್ ಬರೀ ಕಸ ಅಲ್ಲ, ಸ್ವಲ್ಪ ಪ್ರಮಾಣದಲ್ಲಿ ಅದು ಜೀವಕೋಶಗಳನ್ನು ಕಾಯುವ ಕೆಲಸವನ್ನೂ ಮಾಡುತ್ತದೆ. ಹಾಗಾಗಿ ಮಿದುಳಿನ ಮೇಲಿನ ಒತ್ತಡಕ್ಕೂ ಅದಕ್ಕೂ ನಂಟು ಇರಬಹುದೇ ಅಂತ ಹುಡುಕುತ್ತಿದ್ದಾರೆ. ಆದರೆ ಯಾವ ಡಾಕ್ಟರೂ ಇವತ್ತು ಬಿಲಿರುಬಿನ್ ನೋಡಿ ಸ್ಕಿಜೋಫ್ರೇನಿಯಾ ಇದೆ ಅಥವಾ ಇಲ್ಲ ಅಂತ ಹೇಳುವುದಿಲ್ಲ. ಹಾಗೆ ಹೇಳುವವರಿದ್ದರೆ ಎದ್ದು ಬನ್ನಿ.

ಇಲ್ಲಿ ಇನ್ನೊಂದು ಸಣ್ಣ ವಿಷಯ ಇದೆ. ಗಿಲ್ಬರ್ಟ್ಸ್ ಅಂತ ಒಂದು ಹುಟ್ಟುಗುಣ, ನೂರರಲ್ಲಿ ಮೂರರಿಂದ ಹತ್ತು ಜನಕ್ಕೆ ಇರುತ್ತದೆ. ಅಂಥವರ ಲಿವರ್ ಬಿಲಿರುಬಿನ್ನನ್ನು ಸ್ವಲ್ಪ ನಿಧಾನಕ್ಕೆ ಸಾಗಿಸುತ್ತದೆ, ಅಷ್ಟೇ. ಉಪವಾಸ ಇದ್ದರೆ, ನಿದ್ದೆ ಕೆಟ್ಟರೆ, ಜ್ವರ ಬಂದರೆ ಬಿಲಿರುಬಿನ್ 2ರ ತನಕ, ಕೆಲವೊಮ್ಮೆ ಇನ್ನೂ ಸ್ವಲ್ಪ ಮೇಲೆ ಹೋಗಿ ಮತ್ತೆ ಇಳಿಯುತ್ತದೆ. ಶಿವರಾತ್ರಿ ಜಾಗರಣೆಯ ಮಾರನೇ ದಿನ ರಕ್ತ ಕೊಟ್ಟರೆ ಕಣ್ಣು ಹಳದಿ, ರಿಪೋರ್ಟ್ ಹಳದಿ. ಈಗ ಯೋಚಿಸಿ, ಕಾಯಿಲೆ ಕೆರಳಿದ ಮನುಷ್ಯ ಊಟ ಬಿಟ್ಟಿರುತ್ತಾನೆ, ಅನ್ನದಲ್ಲಿ ವಿಷ ಇದೆ ಅಂತ ತಟ್ಟೆ ತಳ್ಳಿರುತ್ತಾನೆ, ನಾಲ್ಕು ರಾತ್ರಿ ಮಲಗಿರುವುದಿಲ್ಲ. ಅವನ ಬಿಲಿರುಬಿನ್ ಏರಿದ್ದರೆ ಕಾಯಿಲೆಯಿಂದ ಪಿತ್ತ ಏರಿತು ಅನ್ನಬೇಕೇ ಹೊರತು ಪಿತ್ತದಿಂದ ಕಾಯಿಲೆ ಬಂತು ಅಂತಲ್ಲ. ನೋಡುವುದು ಸುಲಭ. ಡೈರೆಕ್ಟ್ ಬಿಲಿರುಬಿನ್ (ಲಿವರ್ ಸಂಸ್ಕರಿಸಿದ್ದು) ಸರಿಯಾಗಿದ್ದು, ಇನ್‌ಡೈರೆಕ್ಟ್ (ಇನ್ನೂ ಸಂಸ್ಕರಿಸದೇ ಇರುವುದು) ಮಾತ್ರ ಜಾಸ್ತಿ ಇದ್ದು, ಮಿಕ್ಕ ಕಿಣ್ವಗಳೆಲ್ಲ ಸರಿಯಾಗಿದ್ದರೆ "ಗಿಲ್ಬರ್ಟ್ಸ್ ಇರಬಹುದಾ, ಕೆಂಪು ರಕ್ತಕಣ ಜಾಸ್ತಿ ಒಡೆಯುತ್ತಾ ಇದೆಯಾ?" ಅಂತ ಡಾಕ್ಟರನ್ನು ಕೇಳಿ.

ಲಿವರ್‌ನಿಂದಲೇ ತಲೆ ಕೆಡುವ ಸಂದರ್ಭಗಳು

ಇವು ಕಡಿಮೆ, ಆದರೆ ತಪ್ಪಿಸಿಕೊಂಡರೆ ನಷ್ಟ ದೊಡ್ಡದು.

ಒಂದು ವಿಲ್ಸನ್ ಕಾಯಿಲೆ. 1912ರಲ್ಲಿ ವಿಲ್ಸನ್ ಅನ್ನುವ ನರರೋಗ ವೈದ್ಯರು ಇದನ್ನು ವಿವರಿಸಿದರು, ಅವರ ಹೆಸರೇ ನಿಂತಿದೆ. ಊಟದಲ್ಲಿ ಬರುವ ತಾಮ್ರವನ್ನು ಲಿವರ್ ಹೊರಗೆ ಹಾಕಲಾಗದೆ ಅದು ಲಿವರ್‌ನಲ್ಲಿ, ಮಿದುಳಿನಲ್ಲಿ, ಕಣ್ಣಿನಲ್ಲಿ ಕೂರುತ್ತದೆ. ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಜೀನ್ ಬಂದರೆ ಮಾತ್ರ ಬರುವ ಕಾಯಿಲೆ ಇದು, ಹಾಗಾಗಿ ಸೋದರಮಾವ, ಅಕ್ಕನ ಮಗಳು ಅಂತ ಒಳಗೊಳಗೇ ಮದುವೆಯಾಗುವ ನಮ್ಮ ಸೀಮೆಯಲ್ಲಿ ಇದನ್ನು ಮರೆಯಬಾರದು. ಹದಿಹರೆಯದ ಹುಡುಗ ಅಥವಾ ಹುಡುಗಿ, ಗುಣ ಬದಲಾಗಿದೆ, ಓದು ಬಿದ್ದಿದೆ, ಅನುಮಾನ ಪಡುತ್ತಾರೆ, ಅದರ ಜೊತೆಗೆ ಕೈ ನಡುಗುತ್ತದೆ, ಅಕ್ಷರ ಕೆಟ್ಟಿದೆ, ಮಾತು ತೊದಲುತ್ತದೆ, ಜೊಲ್ಲು ಸುರಿಯುತ್ತದೆ, ಅಥವಾ ಹಿಂದೆ ಯಾವಾಗಲೋ ಕಾಮಾಲೆ ಬಂದಿತ್ತು. ಅಂಥವರಿಗೆ ಸೆರುಲೋಪ್ಲಾಸ್ಮಿನ್ ಅನ್ನುವ ರಕ್ತ ಪರೀಕ್ಷೆ, 24 ಗಂಟೆಯ ಮೂತ್ರದಲ್ಲಿ ತಾಮ್ರ, ಮತ್ತು ಕಣ್ಣಿನ ಡಾಕ್ಟರ ಹತ್ತಿರ ಸ್ಲಿಟ್ ಲ್ಯಾಂಪ್‌ನಲ್ಲಿ ಕರಿಗುಡ್ಡೆ ಸುತ್ತ ಕಂದು ಉಂಗುರ ಇದೆಯಾ ಅಂತ ನೋಡಿಸಬೇಕು. ಎಲ್‌ಎಫ್‌ಟಿ ಇಲ್ಲಿ ಅಷ್ಟೇನೂ ಕೆಟ್ಟಿರದೇ ಇರಬಹುದು, ಅದನ್ನೇ ನಂಬಿ ಕೂತರೆ ಆಗುವುದಿಲ್ಲ. ಮಾನಸಿಕ ಕಾಯಿಲೆಯ ಮಾತ್ರೆ ಶುರು ಮಾಡಿದ ಕೂಡಲೇ ಕೈಕಾಲು ತುಂಬಾ ಬಿಗಿದುಕೊಂಡರೆ ಅದೂ ಒಂದು ಸುಳಿವು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ದಶಕಗಳಿಂದ ವಿಲ್ಸನ್ ರೋಗಿಗಳನ್ನು ನೋಡುತ್ತಾ ಬಂದಿದ್ದಾರೆ, 2007ರಲ್ಲಿ 282 ಜನರ ವಿವರ ಪ್ರಕಟಿಸಿದ್ದರು. ಔಷಧಿ ಇದೆ, ಬೇಗ ಸಿಕ್ಕಿದರೆ ಮನುಷ್ಯ ಉಳಿಯುತ್ತಾನೆ. ಒಬ್ಬರಿಗೆ ಇದ್ದರೆ ಒಡಹುಟ್ಟಿದವರಲ್ಲಿ ಪ್ರತಿಯೊಬ್ಬರಿಗೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ, ಎಲ್ಲರಿಗೂ ಪರೀಕ್ಷೆ ಮಾಡಿಸಿ.

ಇನ್ನೊಂದು, ಲಿವರ್ ಪೂರ್ತಿ ಸೋತವರಿಗೆ ಅಮೋನಿಯಾದಂಥ ವಿಷ ಮಿದುಳಿಗೆ ಹೋಗಿ ಮಂಕು ಕವಿಯುವುದು. ಹಗಲೆಲ್ಲ ನಿದ್ದೆ, ರಾತ್ರಿ ಎಚ್ಚರ. ಇವತ್ತು ಯಾವ ವಾರ ಅಂದರೆ ಗೊತ್ತಿಲ್ಲ. ಎರಡೂ ಕೈ ಮುಂದೆ ಚಾಚಿಸಿ, ಟ್ರಾಫಿಕ್ ಪೊಲೀಸ್ ಗಾಡಿ ನಿಲ್ಲಿಸುವ ಹಾಗೆ ಅಂಗೈ ಮೇಲೆತ್ತಿಸಿದರೆ ಅಂಗೈ ಹಕ್ಕಿಯ ರೆಕ್ಕೆ ಥರ ಪಟಪಟ ಬೀಳುತ್ತದೆ. ಸ್ಕಿಜೋಫ್ರೇನಿಯಾದಲ್ಲಿ ಎಷ್ಟೇ ವಿಚಿತ್ರ ಮಾತಾಡಿದರೂ ಸಾಮಾನ್ಯವಾಗಿ ವಾರ, ಊರು, ಎದುರಿಗಿರುವವರು ಯಾರು ಅನ್ನುವುದು ತಪ್ಪುವುದಿಲ್ಲ. ಈ ವ್ಯತ್ಯಾಸ ಮನೆಯವರಿಗೆ ಡಾಕ್ಟರ್‌ಗಿಂತ ಮೊದಲೇ ಕಾಣುತ್ತದೆ.

ಕುಡಿತ

ಎಸ್‌ಜಿಓಟಿ, ಎಸ್‌ಜಿಪಿಟಿಗಿಂತ ಎರಡು ಪಟ್ಟು ಜಾಸ್ತಿ ಇದ್ದು ಜಿಜಿಟಿಯೂ ಏರಿದ್ದರೆ ಡಾಕ್ಟರ್ ಮೊದಲು ಕೇಳುವುದು ಕುಡಿತದ ಬಗ್ಗೆ. ನಿಜ ಹೇಳಿ. ಮರ್ಯಾದೆ ಪ್ರಶ್ನೆ ಅಲ್ಲ ಇದು.

ನಮ್ಮ ಕಡೆಗೇ ಸೇರಿದ ಒಂದು ಅಪಾಯ ಹೇಳುತ್ತೇನೆ. ಕಾರ್ತಿಕ ಬಂದರೆ ಎಷ್ಟೋ ಜನ ಅಯ್ಯಪ್ಪನ ಮಾಲೆ ಹಾಕುತ್ತಾರೆ, ಅವತ್ತಿನಿಂದ ಎಣ್ಣೆ ಬಂದ್, ಬೀಡಿ ಬಂದ್. ತುಂಬಾ ಒಳ್ಳೆಯದು. ಆದರೆ ದಿನಾ ಜಾಸ್ತಿ ಕುಡಿಯುತ್ತಿದ್ದವರು ಒಮ್ಮೆಲೇ ಬಿಟ್ಟರೆ ಎರಡರಿಂದ ನಾಲ್ಕನೇ ದಿನಕ್ಕೆ ಕೈ ನಡುಕ, ಬೆವರು, ಗೋಡೆ ಮೇಲೆ ಹುಳ ಹರಿದ ಹಾಗೆ, ಹಾವು ಕಂಡ ಹಾಗೆ ಆಗಬಹುದು. ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸಲು ಓಡುತ್ತಾರೆ. ಅದು ಪ್ರಾಣಕ್ಕೇ ಬರುವಂಥದ್ದು, ಆಸ್ಪತ್ರೆಯಲ್ಲಿ ಔಷಧಿ, ಬಿ1 ವಿಟಮಿನ್ ಕೊಡಬೇಕು. ಇನ್ನು ಬೀಡಿ ವಿಷಯ. ಬೀಡಿಯ ಹೊಗೆ ಲಿವರ್‌ನ ಒಂದು ಕಿಣ್ವವನ್ನು ಚುರುಕು ಮಾಡಿ ಸ್ಕಿಜೋಫ್ರೇನಿಯಾಗೆ ಕೊಡುವ ಓಲಾಂಜಪಿನ್, ಕ್ಲೋಜಪಿನ್ ಮಾತ್ರೆಗಳನ್ನು ಬೇಗ ಕರಗಿಸಿಬಿಡುತ್ತದೆ. ಬೀಡಿ ನಿಲ್ಲಿಸಿದರೆ ಅದೇ ಮಾತ್ರೆ ರಕ್ತದಲ್ಲಿ ಜಾಸ್ತಿ ಉಳಿಯುತ್ತದೆ, ಮಂಪರು, ಜೊಲ್ಲು, ತಲೆಸುತ್ತು. ಮಾಲೆ ಹಾಕುವ ಮುಂಚೆ ಡಾಕ್ಟರ್‌ಗೆ ಒಂದು ಮಾತು ಹೇಳಿ, ಡೋಸ್ ನೋಡಿಕೊಳ್ಳುತ್ತಾರೆ. ಮಾಲೆ ತೆಗೆದು ಮತ್ತೆ ಬೀಡಿ ಹಚ್ಚಿದರೆ ಅದನ್ನೂ ಹೇಳಿ, ನಾಚಿಕೆ ಬೇಡ.

ಮಾತ್ರೆಗಳು ಲಿವರ್‌ಗೆ ಏನು ಮಾಡುತ್ತವೆ

ಅಮ್ಮನ ಅನುಮಾನ ಪೂರ್ತಿ ಸುಳ್ಳಲ್ಲ. ಓಲಾಂಜಪಿನ್, ಕ್ಲೋಜಪಿನ್ ಶುರು ಮಾಡಿದ ಮೊದಲ ತಿಂಗಳುಗಳಲ್ಲಿ ಎಸ್‌ಜಿಪಿಟಿ ಸ್ವಲ್ಪ ಏರುವುದು ಉಂಟು, ಎಷ್ಟೋ ಸಲ ಮಾತ್ರೆ ಮುಂದುವರಿಸಿದರೂ ತಾನಾಗೇ ಇಳಿಯುತ್ತದೆ. ಹಳೆಯ ಕ್ಲೋರ್‌ಪ್ರೊಮಜಿನ್ ಅಪರೂಪಕ್ಕೆ, ಶುರುವಾದ ಕೆಲವು ವಾರದಲ್ಲಿ ಮೈ ತುರಿಕೆಯ ಜೊತೆ ಕಾಮಾಲೆ ತರುತ್ತದೆ, ಆಗ ಆಲ್ಕಲೈನ್ ಫಾಸ್ಫಟೇಸ್ ಏರಿರುತ್ತದೆ. ಮೂಡ್ ಸರಿ ಇಡಲು ಕೊಡುವ ವಾಲ್ಪ್ರೊಯೇಟ್ ಬಗ್ಗೆ ಜಾಸ್ತಿ ಎಚ್ಚರ ಬೇಕು. ಅದರಲ್ಲಿ ಎಲ್‌ಎಫ್‌ಟಿ ಸರಿಯಾಗಿದ್ದರೂ ಅಮೋನಿಯಾ ಮಾತ್ರ ಏರಿ ಮನುಷ್ಯ ತೂಕಡಿಸಬಹುದು. ಹೊಸದಾಗಿ ಮಂಕು, ವಾಂತಿ ಶುರುವಾದರೆ "ಅಮೋನಿಯಾ ನೋಡಬೇಕಾ ಸಾರ್?" ಅಂತ ಕೇಳಿ. ಲಿವರ್ ನಿಜಕ್ಕೂ ಕೆಟ್ಟವರಿಗೆ ಅಮಿಸಲ್ಪ್ರೈಡ್, ಪಾಲಿಪೆರಿಡೋನ್ ಥರದ, ಹೆಚ್ಚಾಗಿ ಕಿಡ್ನಿಯಿಂದ ಹೊರಹೋಗುವ ಔಷಧಿಗಳೂ ಇವೆ. ಅಂದರೆ ದಾರಿ ಬದಲಿಸಬಹುದು, ನಡು ದಾರಿಯಲ್ಲಿ ಇಳಿದುಬಿಡಬೇಕಾಗಿಲ್ಲ.

ಟಿಬಿ ಮಾತ್ರೆಯನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಐಸೋನಿಯಾಜಿಡ್ ಲಿವರ್‌ಗೂ ಏಟು ಕೊಡಬಹುದು, ಅಪರೂಪಕ್ಕೆ ತಾನೇ ಭ್ರಮೆಯನ್ನೂ ತರಬಹುದು. ರಿಫಾಂಪಿಸಿನ್ ಲಿವರನ್ನು ಚುರುಕು ಮಾಡಿ ಮಾನಸಿಕ ಕಾಯಿಲೆಯ ಎಷ್ಟೋ ಮಾತ್ರೆಗಳ ಬಲ ಇಳಿಸುತ್ತದೆ. ಎರಡೂ ಕಾಯಿಲೆ ಇದ್ದರೆ ಎರಡೂ ಡಾಕ್ಟರ್‌ಗಳಿಗೆ ಎರಡೂ ಚೀಟಿ ತೋರಿಸಿ. ರಿಫಾಂಪಿಸಿನ್‌ನಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುವುದು ಮಾಮೂಲು, ಅದೊಂದೇ ಕಾಮಾಲೆಯಲ್ಲ, ಕಣ್ಣಿನ ಬಿಳಿ ನೋಡಿ.

ನಾಟಿ ಔಷಧಿ, ಕಷಾಯ ಕೊಡುತ್ತಿದ್ದರೆ ಮುಚ್ಚಿಡಬೇಡಿ. ಕೋವಿಡ್ ಸಮಯದಲ್ಲಿ ಅಮೃತಬಳ್ಳಿ ಕಷಾಯ ಕುಡಿದವರಲ್ಲಿ ಲಿವರ್ ಊದಿಕೊಂಡದ್ದನ್ನು ಮುಂಬೈಯ ಡಾಕ್ಟರ್‌ಗಳು 2021ರಲ್ಲಿ ವರದಿ ಮಾಡಿದ್ದರು. ಗಿಡದ್ದು, ಏನೂ ಆಗಲ್ಲ ಅನ್ನುವ ಮಾತು ಉಮ್ಮತ್ತಿ ಬೆಳೆಯುವ ಊರಿನಲ್ಲಿ ನಡೆಯುವುದಿಲ್ಲ, ಅಲ್ವಾ?

ಕೊಬ್ಬಿನ ಲಿವರ್, ಎಲ್ಲಕ್ಕಿಂತ ಸಾಮಾನ್ಯವಾದದ್ದು

ತಮ್ಮನ 64 ಇಲ್ಲಿಂದ ಬಂದದ್ದು. ಮಾತ್ರೆ ಶುರುವಾದ ವರ್ಷ ಅವನ ತೂಕ 58ರಿಂದ 74ಕ್ಕೆ ಹೋಯಿತು. ಆ ಮಾತ್ರೆಗಳು ಹಸಿವು ಹೆಚ್ಚಿಸುತ್ತವೆ, ಬಾಯಿ ಸಿಹಿ ಕೇಳುತ್ತದೆ. ಹೊಟ್ಟೆಯ ಸುತ್ತ ಕೂತದ್ದು ಲಿವರ್‌ನಲ್ಲೂ ಕೂರುತ್ತದೆ. ಟೈಲರ್ ಟೇಪ್ ತಗೊಂಡು ಸೊಂಟ ಅಳೆಯಿರಿ. ನಮ್ಮ ದೇಶದವರಿಗೆ ಗಂಡಸರು 90 ಸೆಂ.ಮೀ, ಹೆಂಗಸರು 80 ಸೆಂ.ಮೀ ದಾಟಬಾರದು. ಸಕ್ಕರೆ, ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಕೊಬ್ಬು) ಪರೀಕ್ಷೆ ಕೂಡ ಜೊತೆಗೆ ಮಾಡಿಸಿ, ಇಲ್ಲದಿದ್ದರೆ ಎಲ್‌ಎಫ್‌ಟಿ ಅರ್ಧ ಕಥೆ ಮಾತ್ರ.

ಲಿವರ್ ಗಟ್ಟಿಯಾಗುತ್ತಿದೆಯಾ ಅಂತ ಅಂದಾಜು ಮಾಡಲು ಫಿಬ್-4 ಅಂತ ಒಂದು ಲೆಕ್ಕ ಇದೆ, ಮನೆಯಲ್ಲೇ ಮಾಡಬಹುದು. ವಯಸ್ಸನ್ನು ಎಸ್‌ಜಿಓಟಿಯಿಂದ ಗುಣಿಸಿ. ಪ್ಲೇಟ್‌ಲೆಟ್ ಅಂಕಿಯನ್ನು ಎಸ್‌ಜಿಪಿಟಿಯ ವರ್ಗಮೂಲದಿಂದ ಗುಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ನಮ್ಮ ಲ್ಯಾಬ್‌ಗಳು ಪ್ಲೇಟ್‌ಲೆಟ್ ಅನ್ನು ಲಕ್ಷದಲ್ಲಿ ಬರೆಯುತ್ತವೆ, 2.4 ಲಕ್ಷ ಇದ್ದರೆ 240 ಅಂತ ಹಾಕಿಕೊಳ್ಳಿ. ತಮ್ಮನಿಗೆ 36 ವರ್ಷ, 36 ಗುಣಿಸು 46 ಅಂದರೆ 1656. 64ರ ವರ್ಗಮೂಲ 8, 240 ಗುಣಿಸು 8 ಅಂದರೆ 1920. ಭಾಗಿಸಿದರೆ 0.86. 1.3ರ ಕೆಳಗಿದ್ದರೆ ಸದ್ಯಕ್ಕೆ ಭಯ ಕಡಿಮೆ, ಮೇಲಿದ್ದರೆ ಲಿವರ್ ಸ್ಕ್ಯಾನ್ ಬಗ್ಗೆ ಕೇಳಿ. ಭಾರ ಹೊತ್ತ ದಿನದ ಎಸ್‌ಜಿಓಟಿ ಹಾಕಿದರೆ ಲೆಕ್ಕ ತಪ್ಪುತ್ತದೆ, ಅವನ 118 ಹಾಕಿ ನೋಡಿ, ಎರಡು ದಾಟಿಬಿಡುತ್ತದೆ.

ಊಟದ್ದು ನಾವು ದೊಡ್ಡದಾಗಿ ಏನೂ ಮಾಡಲಿಲ್ಲ. ಮುದ್ದೆ ಎರಡರಿಂದ ಒಂದಕ್ಕೆ ಇಳಿಯಿತು, ಬಸ್ಸಾರಿನ ಜೊತೆ ಸೊಪ್ಪು ಕಾಳು ಜಾಸ್ತಿಯಾಯಿತು, ಬೇಕರಿ ಮತ್ತು ಬಾಟಲಿ ಜ್ಯೂಸ್ ನಿಂತಿತು, ಸಂಜೆ ಕೆರೆ ಏರಿ ಮೇಲೆ ಇಬ್ಬರೂ ನಡೆದೆವು. ಜಗಳ ಆಗಿದ್ದು ಟೀಗೆ ಸಕ್ಕರೆ ಕಡಿಮೆ ಮಾಡಿದ್ದಕ್ಕೆ ಮಾತ್ರ.

ಫೈಲ್ ಹೇಗಿಡಬೇಕು

ಮಾತ್ರೆ ಶುರು ಮಾಡುವ ಮುಂಚೆಯೇ ಒಂದು ಎಲ್‌ಎಫ್‌ಟಿ ಮಾಡಿಸಿಬಿಡಿ. ಅದಿಲ್ಲದಿದ್ದರೆ ಮುಂದೆ ಏರಿದ್ದು ಮಾತ್ರೆಯಿಂದಲೋ ಮೊದಲೇ ಇತ್ತೋ ಯಾರಿಗೂ ಗೊತ್ತಾಗುವುದಿಲ್ಲ. ಹೆಪಟೈಟಿಸ್ ಬಿ, ಸಿ ಒಂದು ಸಲ ನೋಡಿಸಿ. ಆಮೇಲೆ ಡಾಕ್ಟರ್ ಹೇಳಿದ ಹಾಗೆ, ಆದಷ್ಟೂ ಒಂದೇ ಲ್ಯಾಬಿನಲ್ಲಿ. ಪ್ರತಿ ರಿಪೋರ್ಟಿನ ಮೇಲೆ ಪೆನ್ನಿನಲ್ಲಿ ನಾಲ್ಕು ಸಾಲು ಬರೆಯುತ್ತೇನೆ: ಅವತ್ತಿನ ತೂಕ, ನಡೆಯುತ್ತಿರುವ ಮಾತ್ರೆ ಮತ್ತು ಡೋಸ್, ಹಿಂದಿನ ವಾರ ಏನಾಯಿತು (ಇಂಜೆಕ್ಷನ್, ಜ್ವರ, ಉಪವಾಸ, ಕುಡಿತ, ಲೋಡಿಂಗ್ ಕೆಲಸ), ನಿದ್ದೆ ಹೇಗಿದೆ. ಓಪಿಡಿಯಲ್ಲಿ ಡಾಕ್ಟರ್ ಕೊಡುವ ಐದು ನಿಮಿಷದಲ್ಲಿ ಈ ನಾಲ್ಕು ಸಾಲು ಮಾಡುವ ಕೆಲಸವನ್ನು ನನ್ನ ಬಾಯಿ ಯಾವತ್ತೂ ಮಾಡಿಲ್ಲ.

ಕಣ್ಣು ಹಳದಿ, ಮೂತ್ರ ಕಡು ಟೀ ಬಣ್ಣ, ಮಲ ಬಿಳಿಚಿದ್ದು, ನಿಲ್ಲದ ವಾಂತಿ, ಹೊಟ್ಟೆ ಊತ, ಎಬ್ಬಿಸಿದರೂ ಏಳದಂಥ ಮಂಪರು. ಇವು ಕಂಡರೆ ಮುಂದಿನ ಅಪಾಯಿಂಟ್‌ಮೆಂಟ್ ಕಾಯಬೇಡಿ, ಅವತ್ತೇ ಹೋಗಿ. ಕೋಲಾರದವರಿಗೆ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ ಇದೆ. ತಾಲ್ಲೂಕಿನವರು ಮಂಗಳವಾರದ ಮನೋಚೈತನ್ಯ ಅನ್ನುವ ಮಾನಸಿಕ ಆರೋಗ್ಯದ ಕ್ಲಿನಿಕ್ ಇದೆಯಾ ಅಂತ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ರಾತ್ರಿ ಹನ್ನೊಂದಕ್ಕೆ ಮಾತ್ರೆ ಕೊಡಲಾ ಬಿಡಲಾ ಅನ್ನುವ ಗೊಂದಲ ಬಂದರೆ 14416, ಟೆಲಿಮನಸ್ ಅನ್ನುವ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಗೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ತಮ್ಮನ ಮುಂದಿನ ಟೆಸ್ಟ್ ಜುಲೈ ಕೊನೆಗೆ ಇಟ್ಟುಕೊಂಡಿದ್ದೇವೆ. ಮೇನಲ್ಲೇ ಮಾಡಿಸೋಣ ಅಂದೆ, ಅಮ್ಮ ಒಪ್ಪಲಿಲ್ಲ. ಶ್ರೀನಿವಾಸಪುರದ ಮಾವು ಮುಗಿಯಲಿ, ಅಲ್ಲಿಯ ತನಕ ಅವನ ರಕ್ತ ಯಾಕೆ ತೆಗೆಸ್ತೀಯ ಅಂತಾರೆ.